ಹಾಳೆಯ ಹಿಂಬದಿ

ಮೊಹರು ಮೇಷ್ಟ್ರಿಗೆ ಅಂದು ಬೆಳಗ್ಗೆಯೇ ಪಿತ್ತ ನೆತ್ತಿಗೇರಿತ್ತು. ಇಪ್ಪತ್ತಾರು ವರ್ಷಗಳಿಂದ ಊರಿನ ಮಕ್ಕಳ ಅಂಕಪಟ್ಟಿ, ಪದವಿಪತ್ರಗಳನ್ನು ಅನುವಾದಿಸಿ, ಮೊಹರು ಒತ್ತಿ, ಹೊರದೇಶದ ವಿಶ್ವವಿದ್ಯಾಲಯಗಳಿಗೆ ಕಳಿಸಿಕೊಟ್ಟ ಮನುಷ್ಯ. ಈಗ ಸ್ವಂತ ಮಗಳೇ ನೀರಿನ ವಿಜ್ಞಾನ ಓದಲು ಹೊರಟಿದ್ದಾಳೆ, ಅವಳ ಕಾಗದಗಳನ್ನು ಮಾತ್ರ ಇವರು ಮುಟ್ಟುವಂತಿಲ್ಲವಂತೆ! ಸಂಬಂಧಿಕರು ಮಾಡಿದ ಅನುವಾದ ನಡೆಯುವುದಿಲ್ಲ ಎಂದು ಅರ್ಜಿಯ ನಿಯಮಗಳಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

“ನಾನೇನು ಅಂಕ ತಿದ್ದಿಬಿಡ್ತೀನಾ? ಕಳ್ಳನಾ ನಾನು?”

“ನಿಯಮ ಮಾಡಿದ್ದು ನಾನಲ್ಲಪ್ಪ,” ಎಂದಳು ಮಗಳು. “ಎದುರಿನವರ ಹತ್ರ ಮಾಡಿಸ್ಕೊಂಡು ಬರ್ತೀನಿ.”

ಉರಿಯುವ ಒಲೆಗೆ ಎಣ್ಣೆ ಬಿದ್ದಂತಾಯಿತು. ಎದುರಿನವನು ಅಂದರೆ ಅರ್ಜೆಂಟ್. ಐದು ವರ್ಷ ಮೇಷ್ಟ್ರ ಮೇಜಿನ ಪಕ್ಕದಲ್ಲಿ ಕೂತು ಕಸುಬು ಕಲಿತು, ಒಂದು ದಿನ ಹೇಳದೆ ಕೇಳದೆ ರಸ್ತೆಯ ಆಚೆ ಬದಿಗೆ ಹೋಗಿ ಬೋರ್ಡು ತಗುಲಿಸಿದವನು. ‘ಅರ್ಜೆಂಟ್ ಕೆಲಸ ಮಾಡಿಕೊಡಲಾಗುವುದು’ ಎಂಬ ಆ ಬೋರ್ಡು ಅವನ ಬಾಗಿಲಿಗಿಂತ ದೊಡ್ಡದಿತ್ತು. ಊರಿನವರು ಅದನ್ನೇ ಅವನ ಹೆಸರು ಮಾಡಿಬಿಟ್ಟರು. ಅಂದಿನಿಂದ ಗುರುಶಿಷ್ಯರ ನಡುವೆ ಮಾತಿಲ್ಲ, ಕತೆಯಿಲ್ಲ. ಆದರೆ ಊರಿನಲ್ಲಿ ಇದ್ದವರೇ ಇಬ್ಬರು ಅನುವಾದಕರು, ಬೇರೆ ದಾರಿ ಎಲ್ಲಿತ್ತು?

ಅರ್ಜೆಂಟ್ ಮಧ್ಯಾಹ್ನದೊಳಗೆ ಮುಗಿಸಿಕೊಟ್ಟ. ಮೇಷ್ಟ್ರು ಭೂತಗನ್ನಡಿ ಹಿಡಿದು ನಾಲ್ಕೂ ಪುಟಗಳನ್ನು ಜಾಲಾಡಿದರು. ವಿಷಯಗಳ ಹೆಸರು ಸರಿ, ಅಂಕ ಸರಿ, ಕುಲಸಚಿವರ ಸಹಿ ಇರುವ ಜಾಗವೂ ಸರಿ. ಒಂದು ತಪ್ಪಾದರೂ ಸಿಕ್ಕಿದ್ದರೆ ಅವರಿಗೆ ಆ ರಾತ್ರಿ ಊಟ ಸೇರುತ್ತಿತ್ತು.

ಆರು ವಾರದ ಮೇಲೆ ಉತ್ತರ ಬಂತು. ಅರವತ್ನಾಲ್ಕು ಅಂಕ ತಮ್ಮ ಕನಿಷ್ಠ ಮಟ್ಟಕ್ಕಿಂತ ತೀರಾ ಕಡಿಮೆ, ಆದ್ದರಿಂದ ಅರ್ಜಿ ತಿರಸ್ಕೃತ. ಆಕ್ಷೇಪಣೆ ಇದ್ದರೆ ಮೂರು ದಿನದೊಳಗೆ ತಿಳಿಸಬಹುದು. ಇಡೀ ಕಾಲೇಜಿಗೆ ಎರಡನೆಯವಳಾಗಿ ಬಂದ ಹುಡುಗಿ ಅದನ್ನು ಓದಿ, ಮೊಬೈಲನ್ನು ಮಗುಚಿಟ್ಟು, ಗೋಡೆ ನೋಡುತ್ತ ಕೂತಳು. ಅವಳು ಅತ್ತಿದ್ದರೆ ಮೇಷ್ಟ್ರು ಸಮಾಧಾನ ಮಾಡುತ್ತಿದ್ದರೋ ಏನೋ. ಅಳಲಿಲ್ಲವಾದ್ದರಿಂದ ಅವರು ಚಪ್ಪಲಿ ಮೆಟ್ಟಿದರು.

ಅವರ ಕೋಣೆಯ ಕೆಳಗೇ ಔಷಧಿ ಅಂಗಡಿ. ಮಗಳನ್ನು ಎಬ್ಬಿಸಿಕೊಂಡು ಇಳಿದವರು ಮೊದಲು ಅಲ್ಲಿ ನಿಂತು ತಮ್ಮ ರಕ್ತದೊತ್ತಡದ ಮಾತ್ರೆ ಕೇಳಿದರು. ಅಂಗಡಿಯಾಕೆ ಎಂದಿನಂತೆ ಮಾತ್ರೆಯ ಹಾಳೆಯನ್ನು ತಿರುಗಿಸಿ, ಹಿಂದೆ ಅಚ್ಚಾಗಿದ್ದನ್ನು ಓದಿ, ಆಮೇಲೆ ಕೈಗಿತ್ತಳು.

“ಏನಾಯ್ತು ಮೇಷ್ಟ್ರೇ, ಮುಖ ಹಿಂಗಾಗಿದೆ?”

“ಅರವತ್ನಾಲ್ಕು ಸಾಲದಂತಮ್ಮ ಅವರಿಗೆ! ಕಾಲೇಜಿಗೇ ಎರಡನೆಯವಳು ನನ್ನ ಮಗಳು. ಆ ಅರ್ಜೆಂಟ್ ಏನೋ ಎಡವಟ್ಟು ಮಾಡಿದಾನೆ. ಇವತ್ತು ಅವನ ಗ್ರಹಚಾರ ಬಿಡಿಸ್ತೀನಿ.”

“ನಂದು ಅರವತ್ತಾರಿತ್ತು ಮೇಷ್ಟ್ರೇ,” ಎಂದಳು ಆಕೆ. ಮೇಷ್ಟ್ರು ಅಷ್ಟರಲ್ಲಿ ರಸ್ತೆ ದಾಟುತ್ತಿದ್ದರು.

ಅರ್ಜೆಂಟ್ ಏಳುವ ಮೊದಲೇ ಇವರ ಬಾಯಿ ಶುರುವಾಯಿತು. ಕಸುಬಿನ ಮಾನ ಕಳೆದವನು, ಉಂಡ ಮನೆಗೆ ಎರಡು ಬಗೆದವನು, ಮಗುವಿನ ಬದುಕು ಹಾಳು ಮಾಡಿದವನು. ಅವನು ಪಾಪ ಅನುವಾದದ ಪ್ರತಿ ತೆಗೆದು ಮೇಜಿನ ಮೇಲಿಟ್ಟ. ಮಗಳು ಅದರ ಪಕ್ಕದಲ್ಲಿ ತನ್ನ ಮೂಲ ಅಂಕಪಟ್ಟಿ ಇಟ್ಟು ಸಾಲು ಸಾಲಾಗಿ ಹೋಲಿಸಿದಳು. ಎಲ್ಲ ತಾಳೆಯಾಯಿತು. ಆಮೇಲೆ, ಇನ್ನೇನೂ ತೋಚದೆ, ಮೂಲ ಹಾಳೆಯನ್ನು ತಿರುವಿದಳು.

ಹಿಂದೆ ಇರುವೆ ಸಾಲಿನಂಥ ಸಣ್ಣ ಅಕ್ಷರ. ಅವಳು ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು. “ಅರವತ್ತು ಮತ್ತು ಮೇಲ್ಪಟ್ಟ ಅಂಕ ಪ್ರಥಮ ದರ್ಜೆ. ಎಪ್ಪತ್ತು ದಾಟುವವರು ಸಾಮಾನ್ಯವಾಗಿ ಸಾವಿರಕ್ಕೆ ಇಬ್ಬರು.” ತಲೆಯೆತ್ತಿದಳು. “ಇದು ಅನುವಾದದಲ್ಲಿ ಎಲ್ಲಿದೆ?”

ಇರಲಿಲ್ಲ. ಈ ಎರಡು ಸಾಲು ಓದದವರಿಗೆ ಅರವತ್ನಾಲ್ಕು ಅಂದರೆ ಕಷ್ಟಪಟ್ಟು ಪಾಸಾದವಳು ಎಂದಷ್ಟೇ ಅರ್ಥ. ಮೇಷ್ಟ್ರಿಗೆ ಬೇಕಾದ ತಪ್ಪು ಕೊನೆಗೂ ಸಿಕ್ಕಿತ್ತು, ಅವರು ಮೇಜು ಗುದ್ದಿದರು.

“ಅರ್ಧ ಹಾಳೆ ಮಾಡಿ ‘ಸಂಪೂರ್ಣ ಅನುವಾದ’ ಅಂತ ಮೊಹರು ಒತ್ತೀಯಾ? ನಾಚಿಕೆ ಆಗಲ್ವಾ? ಯಾವ ಪುಣ್ಯಾತ್ಮ ಕಲಿಸಿದ ನಿನಗೆ ಈ ಕೆಲಸ?”

ಅರ್ಜೆಂಟ್ ಹಾಳೆಯನ್ನು ತನ್ನತ್ತ ಎಳೆದುಕೊಂಡ.

“ನೀವೇ, ಗುರುಗಳೇ. ಸೇರಿದ ಮೊದಲನೇ ವಾರ ನಾನು ಹಿಂಬದಿ ಮಾಡೋಕೆ ಕೂತಿದ್ದೆ. ನೀವು ಹಾಳೆ ಕಿತ್ಕೊಂಡ್ರಿ. ‘ಹಿಂದೆ ಇರೋದು ಬರೀ ಅಚ್ಚಿನ ನಿಯಮ, ಅದನ್ನ ಯಾರೂ ಓದಲ್ಲ, ಮುಂದಿನದು ಎತ್ಕೋ’ ಅಂದ್ರಿ. ಅವತ್ತಿಂದ ನಾನು ಹಿಂದೆ ನೋಡಿಲ್ಲ.”

ಮೇಷ್ಟ್ರು ಗುದ್ದಿದ ಕೈಯನ್ನು ಮೇಜಿನಿಂದ ತೆಗೆದರು. ಹೇಳಿದ್ದು ನಿಜ. ಯಾವ ಕುರ್ಚಿಯಲ್ಲಿ ಕೂತು ಹೇಳಿದ್ದೆಂಬುದೂ ನೆನಪಿತ್ತು.

ಅರ್ಜೆಂಟ್ ಅಲ್ಲೇ ಕೂತು ಹಿಂಬದಿಯನ್ನು ಅನುವಾದಿಸಿದ. ಅರ್ಧ ಗಂಟೆಯ ಕೆಲಸ. ಮಗಳು ಅದನ್ನು ಆಕ್ಷೇಪಣೆಯ ಜೊತೆ ಕಳಿಸಿದಳು. ಮೂರನೆಯ ದಿನ ಉತ್ತರ ಬಂತು: ಮಾಹಿತಿಗೆ ಧನ್ಯವಾದ, ನಿಮ್ಮ ಅಂಕ ನಮ್ಮ ಪ್ರಥಮ ದರ್ಜೆಗೆ ಸಮ, ಅರ್ಜಿ ಅಂಗೀಕೃತ. ಮೇಷ್ಟ್ರು ಕುಣಿದಾಡಬೇಕಿತ್ತು. ಮಗಳು ಕುಣಿಯಲು ಬಿಡಲಿಲ್ಲ.

“ಅಪ್ಪಾ, ಇಪ್ಪತ್ತಾರು ವರ್ಷದಲ್ಲಿ ಇನ್ನೆಷ್ಟು ಜನರದ್ದು ಹಿಂಗೆ ಹೋಗಿದೆ?”

ಅವರು ಕಬ್ಬಿಣದ ಬೀರು ತೆಗೆದರು. ವರ್ಷವಾರು ಕಟ್ಟಿಟ್ಟ ಅನುವಾದದ ಪ್ರತಿಗಳು, ಒಂದಕ್ಕೂ ಸುಕ್ಕಿಲ್ಲ. ಎಲ್ಲದರಲ್ಲೂ ಮುಂಬದಿ. ಐವತ್ತೊಂಬತ್ತು, ಅರವತ್ತೆರಡು, ಅರವತ್ತೇಳು. ಪ್ರತಿಯೊಂದರ ಅಡಿಯಲ್ಲೂ ಅವರದೇ ಮೊಹರು, ‘ಸಂಪೂರ್ಣ ಮತ್ತು ಯಥಾವತ್’. ತಮ್ಮ ಮೇಲೆಯೇ ಅವರಿಗೆ ಅಸಹ್ಯ ಬಂತು. ಹನ್ನೆರಡು ವರ್ಷ ಹಿಂದಿನ ಕಟ್ಟಿನಲ್ಲಿ ಒಂದು ಹಾಳೆ ಕೈ ಹಿಡಿದು ನಿಲ್ಲಿಸಿತು. ಔಷಧ ವಿಜ್ಞಾನ, ಅರವತ್ತಾರು ಅಂಕ. ಕೆಳಗಿನ ಅಂಗಡಿಯಾಕೆಯ ಹೆಸರು.

ಆ ಹಾಳೆ ಹಿಡಿದು ಅವರು ಮೆಟ್ಟಿಲಿಳಿದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು, ತಪ್ಪು ನನ್ನದು ಎಂದೂ ಹೇಳಿದರು. ಆಕೆ ಹಾಳೆಯನ್ನು ಮುಟ್ಟದೆ ಕೇಳಿದಳು.

“ಅವತ್ತು ನೀವೇನಂದ್ರಿ ನೆನಪಿದ್ಯಾ ಮೇಷ್ಟ್ರೇ? ‘ಬಿಡಮ್ಮ, ಅಲ್ಲಿ ಓದೋದು ಎಲ್ಲರ ಕೈಲೂ ಆಗೋ ಮಾತಲ್ಲ’ ಅಂದ್ರಿ. ನಾನು ನಂಬಿದೆ. ಔಷಧಿ ಕಂಡುಹಿಡೀಬೇಕು ಅಂತಿದ್ದವಳು, ನನ್ನ ತಲೆ ಇಷ್ಟೇ ಅಂತ ಹನ್ನೆರಡು ವರ್ಷ ಇಲ್ಲಿ ಮಾರ್ಕೊಂಡು ಕೂತೆ.”

“ಈಗ್ಲಾದ್ರೂ ಅರ್ಜಿ ಹಾಕಮ್ಮ. ನಾನೇ ಕೂತು ಎರಡೂ ಬದಿ—”

“ನಿಮ್ಮ ಮಗಳಿಗೆ ಮೂರು ದಿನದಲ್ಲಿ ಸರಿಹೋಯ್ತು, ಅಲ್ವಾ?”

ಆಕೆಯ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಅಲುಗಲಿಲ್ಲ. ಹಿಂದಿನ ಕಪಾಟಿನಿಂದ ಅವರ ಮಾತ್ರೆ ತೆಗೆದು, ಹಾಳೆ ತಿರುಗಿಸಿ, ತಾರೀಖನ್ನು ಬೆರಳಿಟ್ಟು ಓದಿ, ಅವರ ಮುಂದೆ ಇಟ್ಟಳು.

“ಹಿಂಬದಿ ಓದದೆ ನಾನು ಇದುವರೆಗೆ ಯಾರಿಗೂ ಒಂದು ಮಾತ್ರೆ ಕೊಟ್ಟಿಲ್ಲ ಮೇಷ್ಟ್ರೇ,” ಎಂದಳು. “ನಿಮಗೂ.”