ಲೋವಾ ಮರೆತ ನಡೆ

ಕೇಳಿದ್ದನ್ನು ದೇವರು ಕೊಡಲಿಲ್ಲ ಎಂದು ಗೊಣಗುವವರನ್ನು ನಮ್ಮ ಕಣಿವೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕೇಳಿದ್ದನ್ನೇ ಪಡೆದುಕೊಂಡವನನ್ನು ಹತ್ತಿರದಿಂದ ಕಂಡದ್ದು ಒಬ್ಬನನ್ನು ಮಾತ್ರ. ಅವನು ನನ್ನ ನೆರೆಯ ಕೋಲ್ಬೇನ್. ಅವನ ಹುಲ್ಲುಗಾವಲಿಗೂ ನನ್ನದಕ್ಕೂ ನಡುವೆ ಒಂದು ತೊರೆ ಮಾತ್ರ ಅಡ್ಡ. ನನ್ನ ಹೆಸರು ಗೀಸ್ಲಿ. ಕುರಿ ಸಾಕುತ್ತೇನೆ, ಭಾನುವಾರ ಚರ್ಚಿನ ಗಂಟೆ ಬಾರಿಸುತ್ತೇನೆ, ಯಾರಾದರೂ ತೀರಿಕೊಂಡರೆ ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗಿ ಗುಂಡಿ ತೋಡಿಕೊಡುತ್ತೇನೆ.

ಹೆಂಡತಿ ಹೋದಮೇಲೆ ಕೋಲ್ಬೇನನಿಗೆ ಉಳಿದದ್ದು ಎರಡು ಹೆಣ್ಣುಜೀವ. ಒಂದು ಮಗಳು ಹೆರ್ದೀಸ್, ಇನ್ನೊಂದು ಲೋವಾ ಎಂಬ ಹೆಣ್ಣುಕುದುರೆ. ಲೋವಾ ಎಂದರೆ ನಮ್ಮಲ್ಲಿ ವಸಂತದ ಮೊದಲ ಹಕ್ಕಿ. ಆ ಹಕ್ಕಿಯ ಬೆನ್ನಿನಂತೆಯೇ ಈ ಕುದುರೆಯ ಕಂದು ಮೈಮೇಲೂ ಹೊನ್ನಿನ ಪುಡಿ ಉದುರಿಸಿದ ಹಾಗಿತ್ತು.

ನಮ್ಮ ಐಸ್‌ಲ್ಯಾಂಡಿನ ಕುದುರೆಗಳಿಗೆ ತೋಲ್ಟ್ ಎಂಬ ಒಂದು ನಡೆಯಿದೆ. ನಾಲ್ಕು ಗೊರಸೂ ಒಂದರ ಹಿಂದೊಂದು ನೆಲ ಮುಟ್ಟುತ್ತವೆ. ಎಷ್ಟೇ ವೇಗವಾಗಿ ಹೋದರೂ ಒಂದಾದರೂ ಕಾಲು ಭೂಮಿಯ ಮೇಲೇ ಇರುತ್ತದೆ, ಆದ್ದರಿಂದ ಸವಾರ ಅಲುಗುವುದಿಲ್ಲ. ಕುಕ್ಕಲೋಟ ಹಾಗಲ್ಲ. ಅದರಲ್ಲಿ ಕುದುರೆ ನೆಲ ಬಿಟ್ಟು ಹಾರಿ ಹಾರಿ ಬೀಳುತ್ತದೆ, ಕೂತವನ ಹಲ್ಲು ಕಟಕಟ ಎನ್ನುತ್ತದೆ. ಬೇಸಗೆಯಲ್ಲಿ ಸವಾರರು ಸೇರಿದಾಗ ತುಂಬಿದ ಬಿಯರ್ ಲೋಟವನ್ನು ಒಂದು ಕೈಯಲ್ಲಿ ಹಿಡಿದು ತೋಲ್ಟ್ ಓಡಿಸುವುದು ರೂಢಿ. ಚೆಲ್ಲದವನು ಗೆದ್ದ. ಕೋಲ್ಬೇನ್ ಲೋವಾಳ ಮೇಲೆ ಬಂದರೆ ಬಿಯರ್ ಹಾಗಿರಲಿ, ಮೇಲಿನ ನೊರೆಯೂ ಕದಲುತ್ತಿರಲಿಲ್ಲ.

"ಅದರಲ್ಲಿ ಬಿಯರ್ ಇತ್ತೋ ಅಂಟು ಇತ್ತೋ, ಮೊದಲು ಅದನ್ನ ಹೇಳೋ," ಎಂದು ಯಾರೋ ಕೆಣಕುವರು.

"ಬಾ, ಕುಡಿದು ನೋಡು. ನಿಮ್ಮ ಕುದುರೆಗಳಿಗೆಲ್ಲ ತೋಲ್ಟ್ ಕಲಿಸಬೇಕು. ನನ್ನ ಲೋವಾ ಕುಕ್ಕಲೋಟ ಮರೆತೇಬಿಟ್ಟಿದ್ದಾಳೆ ಕಣ್ರೋ!"

ನಿಜ, ಮರೆತಿದ್ದಳು. ಮರಿಯಾಗಿದ್ದಾಗ ಬೇಲಿಯುದ್ದಕ್ಕೂ ಕುಕ್ಕಲೋಟ ಹೊಡೆಯುತ್ತಿದ್ದವಳು ಈಚೆಗೆ ಹಿಮ್ಮಡಿಯಿಂದ ಎಷ್ಟು ಅದುಮಿದರೂ ಜಾರಿ ತೋಲ್ಟಿಗೇ ಬಂದುಬಿಡುವಳು. ನಾವೆಲ್ಲ ತಲೆದೂಗಿದೆವು, ಹುಟ್ಟಿನಿಂದ ಬಂದ ವರ ಎಂದೆವು. ಕುಕ್ಕಲೋಟ ಬಿಟ್ಟ ಕುದುರೆಯನ್ನು ಹೊಗಳುವುದು ನಮ್ಮ ಕಡೆಯ ಬುದ್ಧಿ.

ಹೆರ್ದೀಸ್ ಬೆಟ್ಟದಾಚೆಯ ಕುದುರೆ ಶಾಲೆಯಲ್ಲಿ ಕಲಿಸುತ್ತಾಳೆ. ಲೋವಾಳ ಮೇಲೆ ಕೂತು ಊರೂರಲ್ಲಿ ಗೆದ್ದವಳು ಅವಳೇ. ಕಳೆದ ವಸಂತದಲ್ಲಿ ಅವರಿಬ್ಬರನ್ನೂ ದೇಶದ ಪರವಾಗಿ ಸಮುದ್ರದಾಚೆಯ ದೊಡ್ಡ ಪಂದ್ಯಕೂಟಕ್ಕೆ ಆರಿಸಿದರು. ಸುದ್ದಿ ಬಂದ ದಿನ ನಾನು ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ.

"ಹೋಗಿ ಗೆದ್ದು ಬಾ. ಆದರೆ ಬೇರೆ ಕುದುರೆ ಮೇಲೆ ಹೋಗು," ಎಂದ ಕೋಲ್ಬೇನ್.

"ಅಪ್ಪಾ, ಅವರಿಗೆ ಬೇಕಾಗಿರೋದು ಲೋವಾ. ನಾನು ಅವಳ ಬೆನ್ನ ಮೇಲಿನ ಸಾಮಾನು ಅಷ್ಟೆ."

"ನೀನು ವಾಪಸ್ ಬರ್ತೀಯ. ಅವಳು ಬರೋಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಈ ದ್ವೀಪ ಬಿಟ್ಟು ಹೊರಟ ಕುದುರೆ ಮತ್ತೆ ಇಲ್ಲಿ ಕಾಲಿಡುವ ಹಾಗಿಲ್ಲ. ಹೊರಗಿನ ರೋಗ ಒಳಗೆ ಬರಬಾರದೆಂದು ಹಿಂದಿನಿಂದ ಬಂದ ಕಟ್ಟಳೆ ಅದು. ಕೂಟ ಮುಗಿದಮೇಲೆ ಗೆದ್ದ ಕುದುರೆಯನ್ನೂ ಸೋತ ಕುದುರೆಯನ್ನೂ ಅಲ್ಲೇ ಮಾರಿ, ಜೀನು ಹೊತ್ತುಕೊಂಡು ಬರಬೇಕು.

"ಏಳನೇ ವಯಸ್ಸಿಂದ ಇದನ್ನೇ ಕನಸು ಕಂಡಿದ್ದೀನಿ ಅಪ್ಪಾ," ಎಂದಳು ಕೊನೆಗೆ. "ಕೊಳ್ಳೋರು ಒಳ್ಳೇ ಜನ. ಅವಳ ನಡೆ ಅಳೆದು ಕಳಿಸಿ ಅಂದಿದ್ದಾರೆ. ಎಲ್ಲ ಸರಿ ಇದ್ದರೆ ಹೋಗ್ತಾಳೆ, ಕುಂದು ಇದ್ದರೆ ಇಲ್ಲೇ ಇರ್ತಾಳೆ. ಆಯ್ತಾ?"

"ಆಯ್ತು," ಎಂದ ಕೋಲ್ಬೇನ್.

ಆ ಭಾನುವಾರ ಪೂಜೆ ಮುಗಿದು ಎಲ್ಲರೂ ಎದ್ದು ಹೋದರೂ ಅವನು ಬೆಂಚು ಬಿಟ್ಟು ಏಳಲಿಲ್ಲ. ನಾನು ಮೋಂಬತ್ತಿ ಆರಿಸುತ್ತ ಹತ್ತಿರ ಹೋದೆ.

"ಏನು ಮಾರಾಯ, ಇಷ್ಟು ಹೊತ್ತು? ದೇವರಿಗೂ ಊಟದ ಸಮಯ."

"ಒಂದು ಕುಂದು ಸಿಗಲಿ ಅಂತ ಕೇಳ್ಕೊಂಡೆ ಗೀಸ್ಲಿ. ಚಿಕ್ಕದು. ಅವಳು ಇಲ್ಲೇ ಉಳಿಯೋವಷ್ಟು ಮಾತ್ರ."

ನಾನು ನಕ್ಕೆ. ಅಂಥದ್ದನ್ನು ಅಳತೆ ಹೇಳಿ ಬೇಡಬಾರದು ಎಂದು ಆಗ ನನಗೂ ಹೊಳೆಯಲಿಲ್ಲ.

ಹುಲ್ಲು ಮೊಣಕಾಲುದ್ದ ಬಂದಿತ್ತು. ಹೆರ್ದೀಸ್ ಬೆಂಕಿಪೊಟ್ಟಣದಷ್ಟು ಪುಟ್ಟ ಸೆನ್ಸರ್‌ಗಳನ್ನು ತಂದಳು. ಲೋವಾಳ ನೆತ್ತಿಗೊಂದು, ಸೊಂಟದ ಮೇಲೊಂದು, ಕಾಲುಗಳಿಗೆ ಪಟ್ಟಿ ಸುತ್ತಿ ಒಂದೊಂದು. ಕುದುರೆ ಹೆಜ್ಜೆಯಿಟ್ಟ ಹಾಗೆಲ್ಲ ಅವಳ ಕೈಯ ಹಲಗೆಯಂಥ ಕಂಪ್ಯೂಟರಿನಲ್ಲಿ ಗೆರೆ ಏರಿ ಇಳಿಯುತ್ತದೆ.

"ಒಡವೆ ತೊಡಿಸಿ ಮದುವೆಗೆ ಕಳಿಸ್ತಿದೀಯೇನೇ?" ಎಂದ ಕೋಲ್ಬೇನ್.

"ಗಂಡು ಯಾರು ಅಂತ ನೋಡೋಣ ತಾಳು. ಹತ್ತು ಅಪ್ಪಾ, ತೋಲ್ಟ್ ಓಡಿಸು."

ಅವನು ಹತ್ತಿ ದಾರಿಯ ಕೊನೆಯವರೆಗೆ ಹೋಗಿ ಬಂದ. ಪರದೆಯ ಮೇಲೆ ನೇಯ್ದ ಅಂಚಿನ ಹಾಗೆ ಒಂದೇ ಸಮನಾದ ಗೆರೆ. ಹೆರ್ದೀಸ್ ಅಲ್ಲೇ ಕುಣಿದಳು. ಕೋಲ್ಬೇನ್ ಹೆಮ್ಮೆಯಿಂದ ನಗಬೇಕಾಗಿತ್ತು, ಆದರೆ ಅವನು ಲಗಾಮನ್ನು ಬೆರಳಿಗೆ ಸುತ್ತುತ್ತಿದ್ದ.

"ಈಗ ಕುಕ್ಕಲೋಟ," ಎಂದಳು ಹೆರ್ದೀಸ್. "ಯಾರೂ ಕೂರೋದು ಬೇಡ, ಹಗ್ಗ ಹಿಡಿದು ನಾನೇ ಓಡಿಸ್ತೀನಿ."

ಲೋವಾ ಅವಳ ಪಕ್ಕದಲ್ಲಿ ಹೊರಟವಳು ಜಾರಿ ತೋಲ್ಟಿಗೆ ಬಂದಳು. ಮತ್ತೆ ಹೊರಡಿಸಿದರೆ ಮತ್ತೆ ತೋಲ್ಟ್.

"ಮರೆತಿದ್ದಾಳೆ ಅಂತ ಹೇಳಲಿಲ್ವಾ!" ಎಂದು ಕೋಲ್ಬೇನ್ ನಕ್ಕ.

ಹೆರ್ದೀಸ್ ನಗಲಿಲ್ಲ. ಮುಂದಿನ ಸಲ ಅವಳು ಕುದುರೆಯನ್ನು ತುಸು ಗದರಿದಳು. ಲೋವಾ ಕಿವಿ ಹಿಂದಕ್ಕೆ ಒತ್ತಿ, ಬಾಲ ಬೀಸಿ, ಕಡೆಗೆ ಬೇಲಿಯ ಕಂಬದವರೆಗೆ ಕುಕ್ಕಲೋಟ ಓಡಿದಳು. ನನ್ನ ಕಣ್ಣಿಗೆ ಏನೂ ತಪ್ಪು ಕಾಣಲಿಲ್ಲ. ಹೆರ್ದೀಸ್ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಈಗ ಅಲ್ಲಿ ಗುಡ್ಡಗಳ ಸಾಲಿತ್ತು. ಒಂದು ಎತ್ತರ, ಒಂದು ಗಿಡ್ಡ, ಒಂದು ಎತ್ತರ, ಒಂದು ಗಿಡ್ಡ.

"ಬಲ ಹಿಂಗಾಲು," ಎಂದಳು. "ಅದರ ಮೇಲೆ ಭಾರ ಹಾಕ್ತಿಲ್ಲ."

ಕೋಲ್ಬೇನನ ಮುಖದಲ್ಲಿ ಬೆಳಕು ಬಂತು. ಹೇಳಬಾರದು, ಆದರೆ ಕಂಡದ್ದನ್ನು ಹೇಳುತ್ತಿದ್ದೇನೆ. ಮಗಳ ಬೆನ್ನ ಹಿಂದಿನಿಂದ ನನ್ನತ್ತ ನೋಡಿ ಬೆರಳುಗಳ ನಡುವೆ ಇಷ್ಟೇ ಇಷ್ಟು ಎಂದು ತೋರಿಸಿದ. ಚಿಕ್ಕದು. ಆಮೇಲೆ ಮಗಳ ಹೆಗಲು ಸವರಿ, "ಹೋಗಲಿ ಬಿಡು ಮಗಳೇ, ಮುಂದಿನ ಸಲ ಇನ್ನೊಂದು ಕುದುರೆ ಇರತ್ತೆ," ಎಂದು ನಮಗೆಲ್ಲ ದೋಸೆಯಂಥ ತೆಳು ಕೇಕು ಸುಟ್ಟು ಸಕ್ಕರೆ ಉದುರಿಸಿ ಕೊಟ್ಟ. ಹೆರ್ದೀಸ್ ಮುಟ್ಟಲಿಲ್ಲ.

ವಾರದೊಳಗೆ ಪಶುವೈದ್ಯೆ ಬಂದಳು. ಬಲಗಾಲಿಗೆ ಸೂಜಿ ಚುಚ್ಚಿ ನೋವು ತಿಳಿಯದಂತೆ ಮಾಡಿ, ಸೆನ್ಸರ್ ಕಟ್ಟಿ, ಮತ್ತೆ ಓಡಿಸಿದರು. ಆ ಕಾಲಿನ ಗಿಡ್ಡ ಗುಡ್ಡ ಎದ್ದು ನಿಂತಿತು.

"ನೋಡಿದ್ಯಾ!" ಎಂದ ಕೋಲ್ಬೇನ್. "ಒಂದು ಸೂಜೀಲಿ ಹೋಗೋ ಕುಂದು."

"ಪೂರ್ತಿ ನೋಡು," ಎಂದಳು ವೈದ್ಯೆ.

ಪಕ್ಕದ ಗುಡ್ಡ ಕುಸಿದಿತ್ತು. ಎಡಗಾಲಿನದು. ಎರಡೂ ಕಾಲು ನೋಯುತ್ತಿದ್ದರೆ ಜೀವ ಯಾವುದನ್ನು ಕುಂಟುತ್ತದೆ? ಹೆಚ್ಚು ನೋಯುವುದನ್ನು. ಅದರ ನೋವು ಮುಚ್ಚಿದರೆ ಇನ್ನೊಂದರದ್ದು ಹೊರಗೆ ಬರುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಹಿಂಗಾಲುಗಳ ಕೀಲು ಇಲಿ ತಿಂದ ರೊಟ್ಟಿಯಂತಿತ್ತು.

"ಇದು ಇವತ್ತಿನದಲ್ಲ," ಎಂದಳು ವೈದ್ಯೆ. "ಎರಡು ಚಳಿಗಾಲದ್ದಾದರೂ ಇರಬೇಕು. ಕುಕ್ಕಲೋಟ ಯಾವಾಗ ಬಿಟ್ಟಳು?"

ಹೆರ್ದೀಸ್ ಅಪ್ಪನ ಕಡೆ ತಿರುಗಿದಳು.

"ಆದರೆ ಅವಳು ಓಡ್ತಾಳಲ್ಲ!" ಕೋಲ್ಬೇನ್ ಕೂಗಿದ. "ಒಂದು ಹನಿ ಚೆಲ್ಲೋಲ್ಲ! ಲೋಟ ತರ್ತೀನಿ ಇರಿ, ಈಗಲೇ ತೋರಿಸ್ತೀನಿ!"

"ಬೇಡ ಅಪ್ಪಾ." ಹೆರ್ದೀಸ್ ಅವನ ತೋಳು ಹಿಡಿದಳು. "ಕುಕ್ಕಲೋಟದಲ್ಲಿ ಮೈ ಮೇಲೆ ಹಾರಿ ಧೊಪ್ಪಂತ ಆ ಕಾಲಿನ ಮೇಲೆ ಬೀಳತ್ತೆ. ತೋಲ್ಟಲ್ಲಿ ಬೀಳೋಲ್ಲ. ನೋವು ಬಚ್ಚಿಡೋಕೆ ಅವಳಿಗೆ ಅದೊಂದೇ ಜಾಗ ಇತ್ತು. ಅವಳು ಏನನ್ನೂ ಮರೆತಿರಲಿಲ್ಲ. ನಾವು ಲೋಟ ನೋಡ್ತಾ ಇದ್ವಿ. ನಾನೂ ಅದರ ಮೇಲೇ ಪದಕ ತಗೊಂಡೆ."

ವೈದ್ಯೆ ತನ್ನ ಚೀಲ ಮುಚ್ಚುತ್ತ ಹೇಳಿದಳು, ಮೆತ್ತನೆಯ ಹುಲ್ಲಿನ ಮೇಲೆ ಬೇಸಗೆ ಕಳೆಯಲಿ, ಹೆಪ್ಪುಗಟ್ಟಿದ ನೆಲದ ಮೇಲೆ ಇನ್ನೊಂದು ಚಳಿಗಾಲ ನಿಲ್ಲಿಸಬೇಡಿ. ನಮ್ಮಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಿಮ ಬೀಳುವ ಮೊದಲು ಮುಗಿಸಿ ಎಂದು ಅರ್ಥ.

ಕೆಲವು ದಿನ ಕೋಲ್ಬೇನ್ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಮಧ್ಯಾಹ್ನ ನಾನು ಹುಲ್ಲಿನ ಹೊರೆ ಇಳಿಸಲು ಅವರ ಲಾಯಕ್ಕೆ ಹೋದಾಗ ಹೆರ್ದೀಸ್ ಲೋವಾಳ ಕಾಲಿಗೆ ತಣ್ಣೀರು ಬಿಡುತ್ತಿದ್ದಳು. ಅವನು ಒಳಗೆ ಬಂದು ಕಂಬಕ್ಕೆ ಒರಗಿ ನಿಂತ.

"ಕಳಿಸು ಅವಳನ್ನ," ಎಂದ.

"ಎಲ್ಲಿಗೆ?"

"ಹೊರಗೆ. ಕೂಟಕ್ಕೆ. ಅಲ್ಲಿ ಚಳಿ ಕಡಿಮೆ, ಹುಲ್ಲು ಮೆತ್ತಗೆ. ಆ ತೋಲ್ಟಿನ ಗೆರೆ ಸಮ ಇತ್ತಲ್ಲ? ಅದೊಂದನ್ನೇ ಅವರಿಗೆ ಕಳಿಸು. ಕುಕ್ಕಲೋಟ ಯಾರು ಕೇಳ್ತಾರೆ?"

ಹೆರ್ದೀಸ್ ನೀರು ನಿಲ್ಲಿಸಿದಳು. ಒಂದು ಗಳಿಗೆ ಅವಳ ಕಣ್ಣು ಗೋಡೆಗೆ ನೇತುಹಾಕಿದ ಹೊಸ ಜೀನಿನ ಮೇಲೆ ನಿಂತದ್ದನ್ನು ನಾನು ಕಂಡೆ. ಬಾಲ್ಯದಿಂದ ಬೇಡಿದ ಬಾಗಿಲನ್ನು ಅಪ್ಪನೇ ತೆರೆದು ನಿಂತಿದ್ದ.

"ಕೊಂಡವರು ಮೇಲೆ ಹತ್ತುತ್ತಾರೆ ಅಪ್ಪಾ," ಎಂದಳು ಮೆಲ್ಲಗೆ. "ಎಷ್ಟು ಚೆನ್ನಾಗಿ ಓಡ್ತಾಳೆ ಅಂತ ಇನ್ನಷ್ಟು ಓಡಿಸ್ತಾರೆ."

"ಬದುಕಿರ್ತಾಳಲ್ಲ!"

"ನಮ್ಮ ಹತ್ತಿರ ಬದುಕಿದ ಹಾಗೆ."

ಲೋವಾ ಕತ್ತು ಚಾಚಿ ಕೋಲ್ಬೇನನ ಕೋಟಿನ ಜೇಬು ಮೂಸಿದಳು. ಅಲ್ಲಿ ಯಾವಾಗಲೂ ಅವಳಿಗೊಂದು ತುಂಡು ರೊಟ್ಟಿ ಇರುತ್ತಿತ್ತು. ಅವತ್ತೂ ಇತ್ತು.

ಆಗಸ್ಟ್ ಕೊನೆಗೆ ಅವನು ತೊರೆ ದಾಟಿ ನನ್ನ ಬಾಗಿಲಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ.

"ಗೀಸ್ಲಿ, ಒಂದು ಗುಂಡಿ ಬೇಕು. ಮೇಲಿನ ಹುಲ್ಲುಗಾವಲಲ್ಲಿ. ಕಸಾಯಿಖಾನೆಯ ಲಾರಿಗೆ ಅವಳನ್ನ ಹತ್ತಿಸೋಲ್ಲ ನಾನು."

"ಬಂದೂಕು?"

"ನಂದೇ ಇದೆ."

ನಾನು ತೋಡಿದೆ. ಮನುಷ್ಯರದಕ್ಕಿಂತ ದೊಡ್ಡದು, ಅಷ್ಟೇ ವ್ಯತ್ಯಾಸ. ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ದೂರ ಹೋಗುವ ಹಕ್ಕಿಗಳು ಗುಂಪುಗೂಡಿ ಕೂಗುತ್ತಿದ್ದವು. ಲೋವಾ ಹುಲ್ಲುಗಾವಲಿನ ಆ ತುದಿಯಲ್ಲಿ ಮೇಯುತ್ತಿದ್ದಳು. ಕೋಲ್ಬೇನ್ ಕರೆದ. ಅವಳು ತಲೆ ಎತ್ತಿದಳು, ಬಂದಳು. ಕರೆದರೆ ಹೇಗೆ ಬರುತ್ತಿದ್ದಳೋ ಹಾಗೆಯೇ, ತೋಲ್ಟಿನಲ್ಲಿ, ಬೆನ್ನ ಮೇಲೆ ತುಂಬಿದ ಕೊಡ ಇಟ್ಟಿದ್ದರೂ ತುಳುಕದ ಹಾಗೆ. ಅಷ್ಟು ಅಂದವಾದದ್ದನ್ನು ಭಗವಂತ ಯಾಕೆ ಮಾಡುತ್ತಾನೋ, ಮಾಡಿ ಅದರ ಕೆಳಗೆ ಏನನ್ನು ಇಡುತ್ತಾನೋ.

"ಅಲ್ಲಿ," ಎಂದ ಕೋಲ್ಬೇನ್ ಪಿಸುದನಿಯಲ್ಲಿ. "ಬಲಗಾಲು ಊರಿ ಬೇಗ ಎತ್ತುತ್ತಾಳೆ. ಕಾಣಿಸ್ತಾ? ನನಗೆ ಈಗ ಕಾಣಿಸ್ತಿದೆ. ದೇವರೇ, ಇಷ್ಟು ದಿನ ಹೇಗೆ ಕಾಣಲಿಲ್ಲ?"

ಅವಳು ಅವನ ಅಂಗೈಯಿಂದ ರೊಟ್ಟಿ ತಿಂದಳು. ಹೆರ್ದೀಸ್ ಕೊರಳ ಹಗ್ಗ ಹಿಡಿದು ಹಣೆಗೆ ಹಣೆ ತಾಗಿಸಿ ನಿಂತು, ಆಮೇಲೆ ಪಕ್ಕಕ್ಕೆ ಸರಿದಳು. ಪ್ರಾಣಿಗೆ ಪ್ರಾರ್ಥನೆ ಹೇಳುವ ಪದ್ಧತಿ ನಮ್ಮ ಚರ್ಚಿನಲ್ಲಿಲ್ಲ. ನಾನು ಟೋಪಿ ತೆಗೆದೆ. ಸದ್ದಿಗೆ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು.

ಆಮೇಲೆ ಮಣ್ಣು ಎಳೆಯುತ್ತಿದ್ದಾಗ ಅವನು ಟ್ರ್ಯಾಕ್ಟರಿನ ಹತ್ತಿರ ಬಂದು, "ಇಲ್ಲೇ ಇರಲಿ ಅಂತ ತಾನೇ ಕೇಳಿದ್ದು," ಎಂದ. ನಾನು ಎಂಜಿನ್ ಆರಿಸಲಿಲ್ಲ. ಕೇಳಿಸಲಿಲ್ಲ ಎಂದುಕೊಳ್ಳಲಿ ಎಂದು.

ಭಾನುವಾರಗಳಲ್ಲಿ ಅವನು ಚರ್ಚಿಗೆ ಬರುತ್ತಾನೆ. ಪ್ರಾರ್ಥನೆಯನ್ನು ನಿನ್ನ ಚಿತ್ತದಂತೆ ಆಗಲಿ ಎನ್ನುವವರೆಗೆ ಎಲ್ಲರೊಡನೆ ಹೇಳುತ್ತಾನೆ. ನಮಗೆ ದಯಪಾಲಿಸು ಎಂಬಲ್ಲಿ ಅವನ ತುಟಿ ನಿಲ್ಲುತ್ತದೆ.

ಸೆಪ್ಟೆಂಬರಿನಲ್ಲಿ ಬೆಟ್ಟದ ಕುರಿಗಳನ್ನು ಇಳಿಸಿಕೊಂಡು ನಾವೆಲ್ಲ ಕುದುರೆಯ ಮೇಲೆ ಹಾಡುತ್ತ ಬಂದೆವು. ಕೈಯಲ್ಲಿ ಲೋಟ, ಕೆಳಗೆ ತೋಲ್ಟ್. ದೊಡ್ಡಿಯ ಗೇಟಿನಲ್ಲಿ ಕೋಲ್ಬೇನ್ ನಿಂತಿದ್ದ. ಬಂದವರನ್ನೆಲ್ಲ ತಡೆಯುತ್ತಿದ್ದ.

"ಇಳಿ. ಒಂದ್ಸಲ ಕುಕ್ಕಲೋಟ ಓಡಿಸು, ನೋಡೋಣ."

"ಬಿಡೋ ಕೋಲ್ಬೇನ್, ಕುರಿ ಚದುರುತ್ತೆ," ಎಂದನೊಬ್ಬ. "ಗೇಟಿಗೊಬ್ಬ ಡಾಕ್ಟರು ಬಂದ ನೋಡ್ರಪ್ಪಾ," ಎಂದು ಇನ್ನೊಬ್ಬ ನಗಾಡಿ, ಕುದುರೆಯನ್ನು ತಿರುಗಿಸಿಕೊಂಡು ತೊರೆಯ ಕಡೆಯಿಂದ ಸುತ್ತು ಹಾಕಿ ಹೋದ. ಅವನ ಹಿಂದೆ ಬೇರೆಯವರೂ ಹೋದರು. ಬೇಗ ಹೋದರು.

ನನ್ನ ಮೋಲ್ಡಿ ಮುದಿ ಕುದುರೆ. ಬೆಟ್ಟವಿಡೀ ತೋಲ್ಟಿನಲ್ಲೇ ಬಂದಿತ್ತು. ಕೋಲ್ಬೇನ್ ನನ್ನನ್ನು ನೋಡಿದ ಅಷ್ಟೆ. ನಾನು ಲೋಟದಲ್ಲಿದ್ದುದನ್ನು ನೆಲಕ್ಕೆ ಚೆಲ್ಲಿ ಇಳಿದೆ. ಹಗ್ಗ ಹಿಡಿದು ಕಲ್ಲುದಾರಿಯ ಮೇಲೆ ಓಡಿದೆ. ಮೋಲ್ಡಿ ಬಾರದೆ ಎಳೆಯಿತು, ಗದರಿದೆ, ಬಂತು.

ತಿರುಗಿ ನೋಡಿದಾಗ ಕೋಲ್ಬೇನ್ ಮಂಡಿಯೂರಿ ಕೂತು ಗೊರಸುಗಳನ್ನೇ ದಿಟ್ಟಿಸುತ್ತಿದ್ದ.

"ಇನ್ನೊಂದ್ಸಲ," ಎಂದ.