ಲೈಸೆನ್ಸ್ ಬೇಡದ ಕೋವಿ

ನಾನು ಜೋಡು ನಳಿಗೆಯ ಕೋವಿ. ಕುಲುಮೆಯಲ್ಲಿ ಕಾದು, ಏಟು ತಿಂದು, ಆಕ್ರೋಟ್ ಮರದ ಹಿಡಿ ತೊಟ್ಟು ಹುಟ್ಟಿದವಳು. ಕೋವಿಯಲ್ಲಿ ಹೆಣ್ಣೇನು ಗಂಡೇನು ಎಂದು ಕೇಳಬೇಡಿ. ಹೂವಿಟ್ಟು ಪೂಜಿಸುವ ಮನೆಗೆ ಬಂದವಳು, ಅಷ್ಟು ಬಿಂಕ ಇರಲಿ.

ಮಡಿಕೇರಿಯ ಅಂಗಡಿಯಿಂದ ನನ್ನನ್ನು ತಂದವರು ಉತ್ತಯ್ಯನವರ ಅಪ್ಪ. ಅವರ ಕಾಲದಲ್ಲಿ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸುವುದು ನನ್ನ ಕೆಲಸ. ಆಮೇಲೆ ಉತ್ತಯ್ಯನವರ ಕೈಗೆ ಬಂದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ನನ್ನನ್ನು ಪೂಜಿಸಿ, ಮರದ ತುದಿಯ ತೆಂಗಿನಕಾಯಿಗೆ ಗುರಿ ಇಡುತ್ತಿದ್ದರು. ಕೊಡವರು ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡವೆಂಬ ವಿನಾಯಿತಿ ಹಿಂದಿನಿಂದಲೂ ಉಂಟು. ಅದು ನಮ್ಮ ಯಜಮಾನರ ತಲೆಗೆ ತುಸು ಏರಿತ್ತು.

ಸೊಸೆ ಬೊಳ್ಳಮ್ಮ ಹೋಂಸ್ಟೇ ನಡೆಸುತ್ತಿದ್ದಳು. ಬಂದ ಅತಿಥಿಗಳಿಗೆಲ್ಲ ಕೋವಿ ಹಿಡಿಯುವ ಚಪಲ. ಕಾಫಿ ಒಣಗಿಸುವ ಕಣದಲ್ಲೇ ಶೂಟಿಂಗ್ ಕ್ಲಬ್ ಮಾಡೋಣ ಎಂದರು ಮಾವ.

"ಕ್ಲಬ್ಬಿಗೆ ಬೇರೆ ಲೈಸೆನ್ಸ್ ಬೇಕಂತೆ ಮಾವ. ವಕೀಲರನ್ನ ಒಮ್ಮೆ ಕೇಳೋಣ" ಎಂದಳು ಬೊಳ್ಳಮ್ಮ.

"ಕೋವಿಗೇ ಬೇಡ ಅಂದ ಮೇಲೆ, ಕೋವಿ ಹೊಡೆಯೋ ಜಾಗಕ್ಕೆ ಎಂತಕ್ಕೆ?" ಎಂದು ಉತ್ತಯ್ಯ ನಕ್ಕರು.

ಹಿರಿಯರಿಗೆ ಎದುರಾಡದೆ ಅವಳು ಬೋರ್ಡು ಬರೆಸಿದಳು, ತನ್ನದೇ ಹೆಸರಿನಲ್ಲಿ. ಅಲ್ಲಿಂದ ನಾನು ಯಾರ್ಯಾರದೋ ಹೆಗಲೇರಿದೆ. ನನ್ನನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡವರೇ ಹೆಚ್ಚು. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಕೆಡುವುದು ಮಾಣಿಕ್ಯ ಒಂದೇ. ನನ್ನ ವಿಷಯ ಹಾಗಲ್ಲ.

ಒಬ್ಬ ಅತಿಥಿ ನನ್ನ ಕುದುರೆಗೆ ಬೆರಳಿಟ್ಟು ಎಳೆದಾಗ ನಾನು ಒದ್ದ ರಭಸಕ್ಕೆ ತತ್ತರಿಸಿದ. ನಳಿಗೆ ಪಕ್ಕಕ್ಕೆ ತಿರುಗಿತು. ಬೆದರಿದ ಅವನ ಬೆರಳು ಇನ್ನೊಮ್ಮೆ ಒತ್ತಿತು. ಎರಡನೆಯ ತೋಟಾದ ಸೀಸದ ಚರೆಗಳು ಬೇಲಿಯಾಚೆ ಕೂಲಿಯವರಿರುವ ಲೈನ್ ಮನೆಗೆ ಹೋಗಿ, ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದ ಕಾಳಿಯ ತೋಳು ಹೊಕ್ಕವು. ಅವಳ ಕೂಗು ಈಗಲೂ ನನ್ನ ನಳಿಗೆಯೊಳಗೆ ಕುಳಿತಿದೆ.

ಪೊಲೀಸರು ಬಂದರು. "ಕ್ಲಬ್ ನನ್ನದು ಸಾರ್. ಸೊಸೆಯನ್ನ ಬಿಟ್ಟುಬಿಡಿ" ಎಂದು ಉತ್ತಯ್ಯ ಕೈಮುಗಿದರು. ಯಾರ ಮುಂದೆಯೂ ಬಾಗದ ಆ ಕತ್ತು ಬಾಗಿದ್ದನ್ನು ನೋಡಿ ನನಗೆ ಸಂಕಟವಾಯಿತು.

ಇನ್ಸ್‌ಪೆಕ್ಟರ್ ಗದರಲಿಲ್ಲ. "ವಿನಾಯಿತಿ ಇರೋದು ನಿಮಗೆ. ನಿಮ್ಮ ಅತಿಥಿಗಲ್ಲ, ಈ ಕಣಕ್ಕೂ ಅಲ್ಲ. ಲೈಸೆನ್ಸ್ ಕೇಳಿದ್ದರೆ ಯಾರಾದರೂ ಬಂದು ಜಾಗ ನೋಡ್ತಿದ್ದರು. ಅಲ್ಲೊಂದು ಮನೆ ಉಂಟು ಅಂತ ಹೇಳ್ತಿದ್ದರು" ಎಂದರು.

ಮನೆ ಇರುವುದು ಉತ್ತಯ್ಯನವರಿಗೆ ಗೊತ್ತಿರಲಿಲ್ಲವೇ? ಅದನ್ನು ಕಟ್ಟಿಸಿದವರೇ ಅವರು.

ಕೇಸು ಮಾವ ಸೊಸೆ ಇಬ್ಬರ ಮೇಲೂ ಬಿತ್ತು. ನನಗೆ ಚೀಟಿ ಕಟ್ಟಿ, ಠಾಣೆಯ ಸಾಮಾನು ಕೋಣೆಯಲ್ಲಿ ಮುರುಕು ಸೈಕಲ್ಲಿನ ಪಕ್ಕ ಒರಗಿಸಿದರು. ಎಣ್ಣೆ ಕಾಣದೆ ತುಕ್ಕು ಹತ್ತಿತು. ಉತ್ತಯ್ಯ ಹಾಸಿಗೆ ಹಿಡಿದರೆಂದು ಪೇದೆಗಳು ಆಡಿಕೊಂಡದ್ದು ಕಿವಿಗೆ ಬಿತ್ತು.

ಒಂದು ಬೆಳಿಗ್ಗೆ ಬೊಳ್ಳಮ್ಮ ಬಂದಳು. "ಮಾವ ತೀರಿಕೊಂಡರು ಸಾರ್. ನಮ್ಮಲ್ಲಿ ಸಾವಾದರೆ ಎರಡು ಗುಂಡು ಹಾರಿಸಬೇಕು. ಅವರ ಕೋವೀಲೇ ಆಗಲಿ ಅಂತ. ನೀವೇ ಜೊತೆಗೆ ಬನ್ನಿ."

"ಅದೀಗ ಕೋರ್ಟಿನ ಸೊತ್ತು, ಅಮ್ಮ. ಕೊಡಕ್ಕಾಗಲ್ಲ."

ಅವಳು ಬಂದ ದಾರಿಯಲ್ಲೇ ಹೊರಟಳು. ಅಂದು ನನಗೆ ಬಂದ ಸಿಟ್ಟು ಹೇಳತೀರದು.

ಮಣ್ಣಿಗೆ ಹೋಗಿ ಬಂದ ಪೇದೆಯೊಬ್ಬ ಸಂಜೆ ಹೇಳಿದ. ನೆರೆಯವರು ತಮ್ಮ ಕೋವಿಗೆ ತೋಟಾ ತುಂಬಿ ನಿಂತಿದ್ದರಂತೆ. ಬೊಳ್ಳಮ್ಮ ಅವರನ್ನು ತಡೆದು, ಲೈನ್ ಮನೆಗೆ ನಡೆದು ಕಾಳಿಯನ್ನು ಕೇಳಿದಳಂತೆ: "ಎರಡು ಗುಂಡು ಹೊಡೀಬೇಕು ಕಾಳಿ. ಹೊಡೀಬಹುದಾ?"

ಕಾಳಿ ಚರೆ ಹೊಕ್ಕಿದ್ದ ತೋಳನ್ನು ಹಿಡಿದುಕೊಂಡಳಂತೆ. ಆಮೇಲೆ, "ಬೇಡಮ್ಮ, ಹೆದರಿಕೆ ಆಗ್ತದೆ" ಎಂದಳಂತೆ.

ಯಾರೂ ಹೊಡೆಯಲಿಲ್ಲ. ಉತ್ತಯ್ಯ ಗುಂಡಿನ ಸದ್ದಿಲ್ಲದೆಯೇ ಮಣ್ಣು ಸೇರಿದರು.

ನನ್ನ ಸಿಟ್ಟು ಇಳಿಯಿತು. ಆ ಮನೆಯವರು ಗುಂಡು ಹೊಡೆಯಲು ಮೊದಲ ಸಲ ಒಬ್ಬರ ಅಪ್ಪಣೆ ಕೇಳಿದ್ದರು, ಬೇಡ ಎಂದದ್ದನ್ನು ಪಾಲಿಸಿಯೂ ಇದ್ದರು. ನನ್ನ ಯಜಮಾನರಿಗಾಗಿ ಅತ್ತುಬಿಟ್ಟೆ. ಕಾಳಿ ಹೇಳಿದ್ದು ಸರಿ ಎಂದೂ ಅನ್ನಿಸಿತು.