ಒರೆಸದ ನೀರು

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವಳಿಗೆ ಸ್ತೋತ್ರಮ್ಮ ಎಂದು ಹೆಸರಿಟ್ಟವನು ಗಾಜಿನ ಸಾಮಾನು ತೊಳೆಯುವ ಅಟೆಂಡರ್. ಯಂತ್ರ ಓಡಿದರೂ ಬಾಯಲ್ಲಿ ದೇವರಿಗೆ ಸ್ತೋತ್ರ, ಕೆಟ್ಟು ನಿಂತರೂ ಸ್ತೋತ್ರ, ಇನ್ನೇನಂತ ಕರೀಲಿ ಎಂದು ಅವನು ಕೇಳಿದ್ದ. ಇಪ್ಪತ್ತೆರಡು ವರ್ಷದಲ್ಲಿ ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಸಂಬಳದ ಚೀಟಿ ಬಿಟ್ಟು ಬೇರೆಲ್ಲೂ ಅವಳ ನಿಜವಾದ ಹೆಸರಿಗೆ ಕೆಲಸವಿರಲಿಲ್ಲ.

ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದ ಅಚ್ಚಿನಲ್ಲಿ ಕೂರಿಸುವುದು, ಅದನ್ನು ಕೂದಲಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಹೆರೆಯುವುದು, ಆ ಪೊರೆಯನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಸುಕ್ಕು ಬಿಚ್ಚಿಕೊಂಡ ಮೇಲೆ ಗಾಜಿನ ಪಟ್ಟಿಗೆ ಎತ್ತಿಕೊಳ್ಳುವುದು ಅವಳ ಕೆಲಸ. ಬಣ್ಣ ಹಾಕಿದ ಆ ಗಾಜನ್ನು ದೊಡ್ಡ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಬರೆಯುತ್ತಿದ್ದರು. ಒಬ್ಬರ ಅಚ್ಚು ಮುಗಿದು ಇನ್ನೊಬ್ಬರದನ್ನು ಹಿಡಿಯುವ ಮೊದಲು ನೀರಿನ ಮೇಲೆ ತೆಳು ಕಾಗದ ಎಳೆದು ಒರೆಸಬೇಕು. ಇಲ್ಲವಾದರೆ ಹಿಂದಿನವರ ಚೂರು ಮುಂದಿನವರ ಗಾಜಿಗೆ ಹತ್ತಿಕೊಳ್ಳುತ್ತದೆ. ಹೊಸಬರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು. "ಊಟ ಬಿಟ್ಟರೂ ಬಿಡಿ, ಒರೆಸೋದು ಬಿಡಬೇಡಿ."

ಬಟ್ಟೆ ಹೊಲಿಯುವ ಟೈಲರಕ್ಕ ಚರ್ಚಿನ ಸಭೆಯಲ್ಲಿ ಅವಳ ಹಿಂದಿನ ಬೆಂಚಿನವಳು. ಎರಡು ತಿಂಗಳ ಹಿಂದೆ ಟೈಲರಕ್ಕನ ಬಲ ಎದೆಯಲ್ಲಿ ಗಂಟು ಕಂಡಿತು. ಸೂಜಿಯಿಂದ ಚೂರು ತೆಗೆದರು, ಕ್ಯಾನ್ಸರ್ ಎಂದು ವರದಿ ಬಂತು. ಸಭೆಗೆ ಸಭೆಯೇ ಉಪವಾಸ ಕೂತು ಪ್ರಾರ್ಥನೆ ಮಾಡಿತು. ಆಮೇಲೆ ಎದೆ ಕೊಯ್ದು ತೆಗೆದರು. ತೆಗೆದದ್ದು ನಲವತ್ತು ಅಚ್ಚುಗಳಾಗಿ ಸ್ತೋತ್ರಮ್ಮನ ಮೇಜಿಗೇ ಬಂತು. ನಲವತ್ತರಲ್ಲೂ ಕ್ಯಾನ್ಸರ್ ಇರಲಿಲ್ಲ. ಗಂಟಿತ್ತು ನಿಜ, ಆದರೆ ಅದು ಯಾರಿಗೂ ಕೇಡು ಮಾಡದ ಸಾಧು ಗಂಟು. ಆ ವರದಿ ಬಂದ ಸೋಮವಾರ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಸ್ತೋತ್ರ ಹೇಳಿದವಳು ಇವಳೇ.

ಮಂಗಳವಾರ ಪಾಸ್ಟರ್ ಫೋನ್ ಮಾಡಿದರು.

"ಸಿಸ್ಟರ್, ಭಾನುವಾರ ಟೈಲರ್ ಸಿಸ್ಟರ್ ಸಾಕ್ಷಿ ಹೇಳ್ತಾರೆ. ಅವರಾದ್ಮೇಲೆ ನೀವೂ ಎದ್ದು ನಿಲ್ಬೇಕು. ಕಣ್ಣಾರೆ ಕಂಡವರು ನೀವು. ಮೊದಲು ಇತ್ತು, ಆಮೇಲೆ ಇರಲಿಲ್ಲ. ಅಷ್ಟು ಹೇಳಿದ್ರೆ ಸಾಕು."

ಕಾಣದ್ದನ್ನು ಕಂಡೆ ಎನ್ನುವುದು ಅವಳ ಜಾಯಮಾನವಲ್ಲ. ಆಮೇಲೆ ಇರಲಿಲ್ಲ ಎಂಬುದನ್ನು ಅವಳು ನೋಡಿದ್ದಳು. ಮೊದಲು ಇತ್ತು ಎಂಬುದನ್ನು ವರದಿಯಲ್ಲಿ ಓದಿದ್ದಳಷ್ಟೆ. ದೇವರ ಹೆಸರಿನಲ್ಲಿ ಹೇಳುವ ಮಾತು, ಒಮ್ಮೆ ನೋಡಿಯೇ ಹೇಳೋಣ ಎಂದು ಬುಧವಾರ ಸೂಜಿಯಿಂದ ತೆಗೆದ ಚೂರಿನ ಹಳೆಯ ಗಾಜನ್ನು ಪೆಟ್ಟಿಗೆಯಿಂದ ತೆಗೆದಳು.

ಗಾಜಿನ ಮೇಲೆ ಮೂರು ಚೂರುಗಳು ದಾರದ ತುಂಡುಗಳ ಹಾಗೆ ಪಕ್ಕಪಕ್ಕ ಮಲಗಿದ್ದವು. ಮೂರರಲ್ಲೂ ಏನೂ ಇರಲಿಲ್ಲ. ಅಂಚಿನಲ್ಲಿ, ಅವುಗಳಿಂದ ದೂರದಲ್ಲಿ, ಸಾಸಿವೆಯ ಅರ್ಧದಷ್ಟು ಇನ್ನೊಂದು ತುಣುಕಿತ್ತು. ಕ್ಯಾನ್ಸರ್ ಇದ್ದದ್ದು ಅದರಲ್ಲಿ ಮಾತ್ರ. ಲೋಳೆಯ ಕೊಳಗಳಲ್ಲಿ ತೇಲುವ ಕೋಶಗಳು, ಅಪರೂಪಕ್ಕೆ ಕಾಣುವ ಬಗೆ. ಅವಳು ಆ ಗಾಜು ಮಾಡಿದ ದಿನದ ರಿಜಿಸ್ಟರ್ ತೆರೆದಳು. ಟೈಲರಕ್ಕನ ಅಚ್ಚಿಗೆ ಮೊದಲು ಹೆರೆದದ್ದು ಒಬ್ಬ ಮುದುಕಿಯ ಚೂರು. ಆ ಮುದುಕಿಯ ಗಾಜಿನಲ್ಲಿಯೂ ಅದೇ ಲೋಳೆ, ಅದೇ ಕೋಶಗಳು. ಟೈಲರಕ್ಕನ ಹಳೆಯ ಅಚ್ಚನ್ನು ಮತ್ತೆ ಯಂತ್ರಕ್ಕೆ ಹಾಕಿ ಮೇಣ ಮುಗಿಯುವವರೆಗೆ ಹೆರೆದಳು. ಕೊನೆಯ ಪೊರೆಯವರೆಗೂ ಮೂರೇ ಚೂರು. ನಾಲ್ಕನೆಯದು ಅಲ್ಲಿ ಇರಲೇ ಇಲ್ಲ.

ಆಗ ಆ ಬೆಳಿಗ್ಗೆ ನೆನಪಾಯಿತು. ಮುದುಕಿಯ ಅಚ್ಚನ್ನು ಇಳಿಸಿ ಮುಂದಿನದನ್ನು ಎತ್ತಿಕೊಂಡಾಗ ಚೀಟಿಯ ಮೇಲೆ ಟೈಲರಕ್ಕನ ಹೆಸರು ಕಂಡಿತ್ತು. ಅವಳ ಕೈ ನಿಂತಿತ್ತು. ಅಚ್ಚನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಕಣ್ಣು ಮುಚ್ಚಿ, ಕರ್ತನೇ ಇವಳನ್ನು ಕಾಯಿ ಎಂದು ಅರ್ಧ ನಿಮಿಷ ಪ್ರಾರ್ಥಿಸಿದ್ದಳು. ಕಣ್ಣು ತೆರೆದು ನೇರ ಯಂತ್ರದ ಚಕ್ರ ತಿರುಗಿಸಿದ್ದಳು. ಎಷ್ಟು ತಡಕಾಡಿದರೂ ನಡುವೆ ಕಾಗದ ಎಳೆದದ್ದು ನೆನಪಿಗೆ ಬರಲಿಲ್ಲ. ಪ್ರಾರ್ಥನೆ ಮಾಡಿದ್ದು ಮಾತ್ರ ಅಕ್ಷರ ಅಕ್ಷರ ನೆನಪಿತ್ತು.

ಅವಳು ತಂದಿಟ್ಟ ಗಾಜುಗಳನ್ನು ದೊಡ್ಡ ಡಾಕ್ಟರು ಒಂದೊಂದಾಗಿ ನೋಡಿದರು. ನೋಡಿ ಮುಗಿದ ಮೇಲೂ ಕಣ್ಣನ್ನು ಅಲ್ಲೇ ಇಟ್ಟುಕೊಂಡಿದ್ದರು.

"ಕ್ಯಾನ್ಸರ್ ಸೂಜಿಯಲ್ಲೇ ಪೂರ್ತಿ ಬಂದ್ಬಿಟ್ಟಿರುತ್ತೆ. ಚಿಕ್ಕದಿದ್ರೆ ಹಾಗಾಗೋದುಂಟು."

"ಸೂಜಿಯಲ್ಲಿ ಬಂದಿದ್ರೆ ಅಚ್ಚಿನಲ್ಲಿ ಇರಬೇಕಿತ್ತು, ಸರ್."

"ಅವತ್ತು ಅರವತ್ತು ಗಾಜು ನೋಡಿದ್ದೀನಮ್ಮ ನಾನು. ಅಂಚಲ್ಲಿರೋದನ್ನ ಅನುಮಾನಿಸಬೇಕು ಅಂತ ನಂಗೆ ಯಾರೂ ಪಾಠ ಹೇಳಬೇಕಿಲ್ಲ." ಅವರ ದನಿ ಇಳಿಯಿತು. "ಕೊಯ್ದಿದ್ದನ್ನ ಮತ್ತೆ ಅಂಟಿಸೋಕಾಗುತ್ತಾ? ಆಯಮ್ಮ ಖುಷಿಯಾಗಿದ್ದಾಳೆ. ನಿಮ್ಮ ದೇವರಿಗೂ ಒಳ್ಳೆ ಹೆಸರು ಬಂದಿದೆ. ಯಾರಿಗೆ ನಷ್ಟ?"

"ಐದು ವರ್ಷ ಮಾತ್ರೆ ಬರೆದಿದ್ದಾರೆ ಅವರಿಗೆ. ಇಲ್ಲದ ಕಾಯಿಲೆಗೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಲಿನವರಿಗೆ ಏನಂತ ಬರೀತೀಯ? ಪ್ರಾರ್ಥನೆ ಮಾಡ್ತಿದ್ದೆ, ಅದಕ್ಕೇ ಮರೆತೆ ಅಂತಾನಾ? ನಗ್ತಾರೆ ಕಣಮ್ಮ. ನಕ್ಕಾದ್ಮೇಲೆ ಮನೆಗೆ ಕಳಿಸ್ತಾರೆ."

ಮನೆಯಲ್ಲಿ ಗಂಡ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದ. ಅಚ್ಚುಕೂಟದಲ್ಲಿ ಕಾಗದದ ಹೊರೆ ಎತ್ತಿ ಎತ್ತಿ ಬೆನ್ನು ಹೋಗಿ ಆರು ವರ್ಷವಾಗಿತ್ತು. ಸಭೆಗೆ ಅವನು ಬರುತ್ತಿದ್ದದ್ದು ಮದುವೆಗೆ, ಸಾವಿಗೆ. ಎಲ್ಲ ಕೇಳಿಸಿಕೊಂಡ ಮೇಲೆ ಕೇಳಿದ.

"ಹೇಳಿದ್ರೆ ಕೆಲಸ ಹೋಗುತ್ತಾ?"

"ಹೋಗಬಹುದು."

"ದೇವರು ನೋಡ್ಕೋತಾನೆ ಅಂತ ಆರು ವರ್ಷದಿಂದ ನನ್ನ ತಲೆ ತಿಂದಿದ್ದೀಯ. ಈಗ ನಿನ್ನ ಸರದಿ. ನಂಬು."

ಅವನು ಚುಚ್ಚಲೆಂದೇ ಹೇಳಿದ್ದ. ಆದರೆ ಮಾತು ಚುಚ್ಚಿದ್ದು ಅವನು ಗುರಿಯಿಟ್ಟ ಜಾಗಕ್ಕಲ್ಲ. ಅವಳು ಅಡುಗೆಮನೆಯಲ್ಲಿ ಮೊಣಕಾಲೂರಿದಳು. ಇಷ್ಟು ವರ್ಷ ನಂಬಿಕೆ ಎಂದರೆ ಅವಳಿಗೆ ಕೈಹಿಡಿದು ನಡೆಸುವವನೊಬ್ಬನಿದ್ದಾನೆ ಎಂಬ ಧೈರ್ಯವಾಗಿತ್ತು. ಆ ಕೈ ಅಂದು ಬೆಳಿಗ್ಗೆ ಎಲ್ಲಿತ್ತು? ಒಂದು ತೆಳು ಕಾಗದ ನೆನಪಿಸಲು ಎಷ್ಟು ಹೊತ್ತು ಬೇಕಿತ್ತು? ಕೇಳಿದಳು, ಕಾದಳು. ನಲ್ಲಿ ತೊಟ್ಟಿಕ್ಕುತ್ತಿತ್ತು, ಅದು ಬಿಟ್ಟರೆ ಏನೂ ಕೇಳಿಸಲಿಲ್ಲ. ಕಡೆಗೆ ಅವಳಿಗೆ ಹೊಳೆದದ್ದು ಉತ್ತರವೇನಲ್ಲ. ಭಾನುವಾರ ಎದ್ದು ನಿಂತು ಸುಳ್ಳು ಹೇಳಿದರೆ, ಆಮೇಲೆ ಮೊಣಕಾಲೂರಿ ಮಾತಾಡಲು ತನಗೆ ಯಾರೂ ಉಳಿಯುವುದಿಲ್ಲ. ಅಷ್ಟು ಮಾತ್ರ ನಿಚ್ಚಳವಾಗಿತ್ತು. ಮಿಕ್ಕಿದ್ದನ್ನು ಕರ್ತನ ಮೇಲೆ ಹಾಕಿ ಎದ್ದಳು. ಮನಸ್ಸೇನೂ ಹಗುರವಾಗಲಿಲ್ಲ.

ಶುಕ್ರವಾರ ಆಸ್ಪತ್ರೆಯ ಮುಖ್ಯಸ್ಥರಿಗೆ ಒಂದೂವರೆ ಪುಟದ ಪತ್ರ ಬರೆದಳು. ದಿನ, ಗಂಟೆ, ಅಚ್ಚಿನ ಸಂಖ್ಯೆ, ಪ್ರಾರ್ಥನೆ, ಕಾಗದ, ಯಾವುದನ್ನೂ ಬಿಡಲಿಲ್ಲ. ದೊಡ್ಡ ಡಾಕ್ಟರು ಓದಿ, ಹೊಸದಾಗಿ ಹೆರೆದ ಗಾಜುಗಳ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದರು. "ಇದನ್ನೂ ಜೊತೆಗಿಡು." ಸಂಜೆ ಮೇಲಿನಿಂದ ಹೇಳಿಕಳಿಸಿದರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರುವುದು ಬೇಡ.

ಶನಿವಾರ ಮಧ್ಯಾಹ್ನ ಟೈಲರಕ್ಕನ ಮನೆಗೆ ಹೋದಳು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಕಿವಿ ಮಂದವಾದ ತಾಯಿ ಕಿಟಕಿಯ ಬಳಿ ಗುಂಡಿ ಹೊಲಿಯುತ್ತಿದ್ದಳು. ಟೈಲರಕ್ಕ ಎಡಗೈಯಲ್ಲಿ ಕತ್ತರಿ ಹಿಡಿದು ಬಟ್ಟೆಯೊಂದಿಗೆ ಗುದ್ದಾಡುತ್ತಿದ್ದಳು. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ.

"ಬಾರೇ, ಬಾ! ಸರಿಯಾದ ಹೊತ್ತಿಗೆ ಬಂದೆ. ನೋಡು, ಇಷ್ಟು ದಿನ ಊರವರ ಅಳತೆ ತಗೊಂಡೆ, ಈಗ ನನ್ನ ಅಳತೆಯೇ ಹೊಸದಾಗಿ ತಗೋಬೇಕಾಯ್ತು. ಒಂದು ಕಡೆ ಬಟ್ಟೆ ಉಳಿತಾಯ ಕಣೇ!"

ಸ್ತೋತ್ರಮ್ಮ ನಗಲಿಲ್ಲ. ಟೈಲರಕ್ಕ ಅದನ್ನು ಗಮನಿಸಲಿಲ್ಲ. ನಾಳೆ ಹೇಳುವ ಸಾಕ್ಷಿಯನ್ನು ಅಳತೆ ಕಾಗದದ ಬೆನ್ನಿಗೆ ಬರೆದಿಟ್ಟಿದ್ದಳು. ತಡೆಯುವ ಮೊದಲೇ ಓದಲು ಶುರುಮಾಡಿದಳು. ಕರ್ತನು ತನ್ನ ಎದೆಯೊಳಗೆ ಕೈಯಿಟ್ಟು ಕಾಯಿಲೆಯನ್ನು ಬೇರುಸಹಿತ ಕಿತ್ತ ರಾತ್ರಿಯ ಬಗ್ಗೆ, ಆಗ ಮೈಯೆಲ್ಲ ಬೆಚ್ಚಗಾದ ಬಗ್ಗೆ.

"ಅಕ್ಕಾ, ನಿಲ್ಲಿಸಿ. ನಿಮಗೆ ಕ್ಯಾನ್ಸರ್ ಇರಲೇ ಇಲ್ಲ."

"ಅದನ್ನೇ ಅಲ್ವೇನೇ ಬರೆದಿರೋದು?"

"ಈಗಲ್ಲ. ಮೊದಲಿಂದಲೂ ಇರಲಿಲ್ಲ. ಬೇರೆಯವರ ಚೂರು ನಿಮ್ಮ ಗಾಜಿಗೆ ಬಂತು. ನನ್ನ ಕೈಯಿಂದ."

ಅವಳು ಎಲ್ಲವನ್ನೂ ಹೇಳಿದಳು, ನೀರು, ಪೊರೆ, ಮುದುಕಿ, ಅಂಚಿನ ತುಣುಕು. ಟೈಲರಕ್ಕ ಅಳತೆ ಕಾಗದವನ್ನು ಮಡಿಸುತ್ತಾ ಹೋದಳು. ಇನ್ನು ಮಡಿಸಲು ಆಗದಷ್ಟು ಚಿಕ್ಕದಾದ ಮೇಲೂ ಬೆರಳು ಒತ್ತುತ್ತಲೇ ಇತ್ತು.

"ಏನಂತೆ?" ತಾಯಿ ಕಿಟಕಿಯಿಂದ ಕೇಳಿದಳು.

"ನಂಗೆ ಏನೂ ಆಗಿರ್ಲಿಲ್ವಂತೆ!" ಟೈಲರಕ್ಕ ಕೂಗಿ ಹೇಳಿದಳು. ಆ ಕೂಗಿನಲ್ಲಿ ದನಿ ಒಡೆಯಿತು.

"ಒಳ್ಳೇದೇ ಆಯ್ತಲ್ಲ!" ಎಂದು ತಾಯಿ ನಕ್ಕು ಮತ್ತೆ ಗುಂಡಿಗೆ ತಲೆ ಬಗ್ಗಿಸಿದಳು.

ಟೈಲರಕ್ಕ ಸ್ತೋತ್ರಮ್ಮನ ಕಡೆ ತಿರುಗಿ ಕೇಳಿದಳು. "ಯಾಕೆ ಒರೆಸಲಿಲ್ಲ?"

ಆ ಪ್ರಶ್ನೆ ಬಂದೇ ಬರುತ್ತದೆಂದು ಸ್ತೋತ್ರಮ್ಮನಿಗೆ ಗೊತ್ತಿತ್ತು. ಆತುರವಿತ್ತು ಎನ್ನಬಹುದಿತ್ತು, ಗೊತ್ತಿಲ್ಲ ಎನ್ನಬಹುದಿತ್ತು. "ನಿಮ್ಮ ಹೆಸರು ನೋಡಿದೆ. ನಿಮಗೋಸ್ಕರ ಪ್ರಾರ್ಥನೆ ಮಾಡಿದೆ. ಆಮೇಲೆ ಒರೆಸೋದು ಮರೆತೆ."

ಟೈಲರಕ್ಕ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. "ಅಂದ್ರೆ, ನೀವು ಪ್ರಾರ್ಥನೆ ಮಾಡದೇ ಇದ್ದಿದ್ರೆ ನನ್ನ ಎದೆ ಉಳೀತಿತ್ತು."

ಹದಿನೈದು ವರ್ಷದಲ್ಲಿ ಅವಳು ಸ್ತೋತ್ರಮ್ಮನನ್ನು ನೀವು ಎಂದದ್ದು ಅದೇ ಮೊದಲು.

"ಹೌದು, ಅಕ್ಕ."

"ಕ್ಷಮಿಸು ಅಂತ ಕೇಳೋಕೆ ಬಂದ್ರಾ?"

ಅದಕ್ಕೇ ಬಂದಿದ್ದಳು. ದಾರಿಯುದ್ದಕ್ಕೂ ಆ ಮಾತನ್ನೇ ಜೋಡಿಸಿಕೊಂಡಿದ್ದಳು. ಎದುರಿಗಿದ್ದ ಮುಖ ನೋಡಿ, ಕೇಳಿದರೆ ಅದು ಇನ್ನೊಂದು ಕೊಯ್ತವಾಗುತ್ತದೆ ಎನಿಸಿತು. "ಇಲ್ಲ. ಹೇಳೋಕೆ ಬಂದೆ."

"ಹೇಳಿದ್ರಿ, ಹಗುರಾದ್ರಿ. ಇನ್ನು ಹೊರೋದು ನನ್ನ ಪಾಲು. ಆ ರಾತ್ರಿ ಮೈಯೆಲ್ಲ ಬೆಚ್ಚಗಾಯ್ತು ಅಂದೆನಲ್ಲ, ಅದೇನು ಹಾಗಾದ್ರೆ? ಜ್ವರಾನಾ?"

"ಆ ಮಾತ್ರೆ ವಿಷಯ ಡಾಕ್ಟರನ್ನ ಕೇಳಿ, ಅಕ್ಕ. ನಿಲ್ಲಿಸಬಹುದು. ನಾಳೆ ಸಭೆಯಲ್ಲಿ ಬೇಕಾದ್ರೆ ನಾನೇ ಎದ್ದು..."

"ಮೈ ನಂದು. ಮೊದಲು ನಾನು ಬಾಯಿ ತೆರೀತೀನಿ. ನೀವಿನ್ನು ಹೊರಡಿ."

ಭಾನುವಾರ ಸಭೆ ತುಂಬಿತ್ತು. ಪವಾಡದ ಸುದ್ದಿ ಕೇಳಿ ಬೇರೆ ಸಭೆಗಳವರೂ ಬಂದಿದ್ದರು. ಪಾಸ್ಟರ್ ಕರೆದಾಗ ಟೈಲರಕ್ಕ ನಿಧಾನವಾಗಿ ಮುಂದೆ ಬಂದಳು. ಕೈಯಲ್ಲಿ ಕಾಗದವಿರಲಿಲ್ಲ.

"ನಂಗೆ ಕ್ಯಾನ್ಸರ್ ಇರಲಿಲ್ವಂತೆ. ಲ್ಯಾಬಲ್ಲಿ ತಪ್ಪಾಗಿತ್ತಂತೆ. ಸುಮ್ಮನೆ ಕೊಯ್ದಿದ್ದಾರೆ." ಹಾಲೆಲೂಯ ಹೇಳಲು ಮೇಲೆತ್ತಿದ್ದ ಪಾಸ್ಟರ್ ಕೈ ಗಾಳಿಯಲ್ಲೇ ನಿಂತಿತು. "ಪ್ರಾರ್ಥನೆ ಮಾಡಿದವರಿಗೆಲ್ಲ ವಂದನೆ. ಇನ್ನು ಮೇಲೆ ಯಾರಾದ್ರೂ ನನಗೋಸ್ಕರ ಪ್ರಾರ್ಥನೆ ಮಾಡೋದಾದ್ರೆ ಕೈಲಿರೋ ಕೆಲಸ ಮುಗಿಸಿ ಮಾಡಿ."

ಆ ಮಾತು ಯಾರಿಗೂ ಅರ್ಥವಾಗಲಿಲ್ಲ, ಒಬ್ಬಳಿಗೆ ಬಿಟ್ಟು. ಪಾಸ್ಟರ್ ದಿಕ್ಕು ತೋಚದೆ ಆ ಒಬ್ಬಳ ಕಡೆಗೇ ನೋಡಿದರು. "ಸಿಸ್ಟರ್, ನೀವು...?"

ಸ್ತೋತ್ರಮ್ಮ ಎದ್ದು ನಿಂತಳು. ಮುಂದಿನ ಬೆಂಚು ಹಿಡಿದುಕೊಂಡಳು. "ತಪ್ಪು ಮಾಡಿದ್ದು ನಾನು. ಬರೆದು ಕೊಟ್ಟಿದ್ದೀನಿ."

ಕೂತಾಗ ಪಕ್ಕದ ಹೆಂಗಸು ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಹಾಡು ಶುರುವಾಯಿತು, ಅರ್ಧ ಜನ ಹಾಡಿದರು.

ಸಭೆ ಬಿಟ್ಟ ಮೇಲೆ ಯಾರೂ ಅವಳನ್ನು ಮಾತಾಡಿಸಲಿಲ್ಲ. ಗೇಟಿನ ಬಳಿ ಟೈಲರಕ್ಕ ತಾಯಿಯನ್ನು ಹಿಡಿದುಕೊಂಡು ನಿಂತಿದ್ದಳು. ಸ್ತೋತ್ರಮ್ಮ ತಲೆ ತಗ್ಗಿಸಿ ದಾಟಿಹೋಗುವಾಗ ಟೈಲರಕ್ಕ ಕೇಳಿದಳು. "ಬರೆದಿದ್ದರ ಪ್ರತಿ ಇದೆಯಾ?"

"ಇದೆ."

"ನಾಳೆ ಹತ್ತು ಗಂಟೆಗೆ ತಗೊಂಡು ಬನ್ನಿ. ಆಸ್ಪತ್ರೆಗೆ ಹೋಗೋಣ. ನನಗೆ ಹೇಳಿದ್ದನ್ನ ಅಲ್ಲಿ ಅವರೆಲ್ಲರ ಮುಂದೆ ಹೇಳಬೇಕು. ಪ್ರಾರ್ಥನೆ ವಿಷಯಾನೂ."

"ಹೇಳ್ತೀನಿ."

"ಆಮೇಲೆ ನನ್ನ ಹತ್ರ ಏನನ್ನೂ ಕೇಳಬಾರದು."

"ಕೇಳಲ್ಲ, ಅಕ್ಕ."

ಟೈಲರಕ್ಕ ಅವಳ ಮುಖವನ್ನು ಕ್ಷಣಕಾಲ ದಿಟ್ಟಿಸಿದಳು. "ನೀವು ಇನ್ನೂ ನಂಬ್ತೀರಾ? ಅವನನ್ನ?"

"ನಂಬ್ತೀನಿ."

"ನನ್ನ ಕೈಲಿ ಇವತ್ತು ಆಗ್ತಿಲ್ಲ," ಎಂದಳು ಟೈಲರಕ್ಕ. ಅವಳ ಹೆಗಲಿನಿಂದ ಚೀಲ ಜಾರುತ್ತಿತ್ತು. ಸ್ತೋತ್ರಮ್ಮ ಕೈ ಚಾಚಿದಳು. "ಕೊಡಿ, ನಾನು ಹಿಡ್ಕೋತೀನಿ."

"ಬೇಡ. ಎಡಗೈ ಇದೆ."

ತಾಯಿ ಮಗಳು ಮುಂದೆ ನಡೆದರು. ಮನೆಗೆ ಹೋಗುವ ದಾರಿ ಮೂವರಿಗೂ ಒಂದೇ. ಬೀದಿಯ ತಿರುವಿನವರೆಗೂ ಸ್ತೋತ್ರಮ್ಮ ಹತ್ತು ಹೆಜ್ಜೆ ಹಿಂದೆ ನಡೆದಳು. ಅವರು ನಿಂತಾಗ ತಾನೂ ನಿಂತಳು.